ಪರೀಕ್ಷಕಪರೀಕ್ಷೆ: ನಾಣ್ಯಪ್ರದರ್ಶನಗಳಲ್ಲಿ ಆಪ್ತರೂ ಆಪ್ತಾಭಾಸರೂ

1

ಪ್ರಾಚೀನ ನಾಣ್ಯ, ಪದಕ, ಅಂಚೆಚೀಟಿ, ಓಲೆಗರಿ ಮೊದಲಾದವುಗಳನ್ನು ಸಂಗ್ರಹಿಸುವ ಅಭಿರುಚಿಯು ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ಹಬ್ಬಿರುವುದು ವಾಚಕರಿಗೆ ವಿದಿತವೇ ಆಗಿದೆ. ಸಂಗ್ರಾಹಕರು ಆಗಾಗ ಒಂದೆಡೆ ಕಲೆತು, ತಮ್ಮ ತಮ್ಮ ವಸ್ತುಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿರಿಸಿ ಸಾರ್ವಜನಿಕರಿಗೆ ತೋರಿಸುವರು. ಇದು ಶ್ಲಾಘ್ಯವಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಶಿಲಾಶಾಸನವು ನೆಟ್ಟಲ್ಲಿಯೇ ನಿಂತಿರುವುದು. ನಾಣ್ಯವಾದರೋ ಕೈಯಿಂದ ಕೈಗೆ ಸಂಚರಿಸುವ ಶಾಸನ. ಅದನ್ನು ಜನರ ಕಣ್ಣಿಗೆ ತರುವವರು ಇತಿಹಾಸಕ್ಕೆ ಉಪಕಾರಿಗಳೇ ಸರಿ.

ಆದರೆ ಇಂತಹ ಪ್ರದರ್ಶನಗಳಲ್ಲಿ ಪ್ರದರ್ಶಕ, ಪ್ರೇಕ್ಷಕ, ವ್ಯಾಪಾರಿ ಎಂಬ ಮೂರು ವರ್ಗದವರಲ್ಲದೆ ನಾಲ್ಕನೆಯ ವರ್ಗದವರೂ ಕಾಣಸಿಗುತ್ತಾರೆ. ಅವರನ್ನು ಯಾರೂ ನೇಮಿಸಿರುವುದಿಲ್ಲ; ಅವರಿಗೆ ಸ್ವಂತದ್ದೊಂದು ಮೇಜೂ ಇರುವುದಿಲ್ಲ. ಮೇಜಿನಿಂದ ಮೇಜಿಗೆ ಸಂಚರಿಸುತ್ತ, ಪರರ ವಸ್ತುವನ್ನು ಕೇಳದೆಯೇ ಕೈಗೆತ್ತಿಕೊಂಡು, ‘ಇದು ಖೋಟಾ’, ‘ಇದಕ್ಕೆ ಲಕ್ಷ ರೂಪಾಯಿ’, ‘ಇದು ಪಾಂಡ್ಯರದು’ ಎಂದು ತೀರ್ಪಿತ್ತು ಮುಂದೆ ಸಾಗುವರು. ಕಾರಣವನ್ನು ಕೇಳಿದವರಿಗೆ ಸಿಗುವ ಉತ್ತರ ಒಂದೇ: ‘ನಾನು ಎಷ್ಟು ವರ್ಷದಿಂದ ನೋಡುತ್ತಿದ್ದೇನೆ!’ ಈ ಸ್ವಯಂನಿಯುಕ್ತ ಪರೀಕ್ಷಕರ ಮಾತು ಎಷ್ಟರ ಮಟ್ಟಿಗೆ ಪ್ರಮಾಣ, ಅವರೊಡನೆ ವ್ಯವಹರಿಸುವ ಕ್ರಮವು ಯಾವುದು ಎಂಬುದನ್ನು ಕಿಂಚಿತ್ ವಿಮರ್ಶಿಸುವುದೇ ಈ ಲೇಖನದ ಉದ್ದೇಶ.

ಸಂಸ್ಕೃತಪಾಠಶಾಲೆಯಲ್ಲಿ ತರ್ಕವ್ಯಾಕರಣಗಳನ್ನೋದಿದವನಿಗೆ ನಾಣ್ಯದ ಗೊಡವೆ ಏಕೆಂದು ಕೆಲವರು ಶಂಕಿಸಬಹುದು. ಮಂಗಳೂರಿನ ದಕ್ಷಿಣಭಾಗದಲ್ಲಿ ಮಂಗಳಾದೇವಿಯ ಸನ್ನಿಧಾನವಿರುವ ಬೋಳಾರದಲ್ಲಿ ನನ್ನ ವಾಸ. ಪೇಟೆಗೆ ಆ ಹೆಸರು ಬಂದುದು ಈ ದೇವಿಯಿಂದಲೇ ಎಂದು ಪ್ರತೀತಿಯಿದೆ. ನಾಗರೀಲಿಪಿಯನ್ನು ಓದಬಲ್ಲೆನೆಂಬ ಒಂದೇ ಕಾರಣದಿಂದ ನೆರೆಕರೆಯವರು ಪೆಟ್ಟಿಗೆಯ ಮೂಲೆಯಲ್ಲಿ ಸಿಕ್ಕಿದ ವರಹವನ್ನೋ, ದೇವರ ಕೋಣೆಯ ತಾಮ್ರದ ಬಿಲ್ಲೆಯನ್ನೋ ಹಿಡಿದು ‘ಭಟ್ಟರೇ, ಇದರಲ್ಲೇನು ಬರೆದಿದೆ?’ ಎಂದು ಬರುವುದುಂಟು. ಅಕ್ಷರವನ್ನು ಓದಿ ಹೇಳುವುದಷ್ಟೇ ನನ್ನ ಅಧಿಕಾರ. ಬೆಲೆಯನ್ನು ಕಟ್ಟುವುದು ನನ್ನ ಅಧಿಕಾರವಲ್ಲ. ಆದರೆ ಒಬ್ಬನ ವಚನವು ಯಾವಾಗ ಪ್ರಮಾಣವಾಗುವುದು, ಯಾವಾಗ ಆಗದು ಎಂಬುದು ನಮ್ಮ ಶಾಸ್ತ್ರದ ವಿಷಯವೇ ಆದುದರಿಂದ ಇಲ್ಲಿ ನಾಲ್ಕು ಮಾತನಾಡಲು ಪ್ರವೃತ್ತನಾಗಿದ್ದೇನೆ.

2

ನಾಣ್ಯವನ್ನು ಪರೀಕ್ಷಿಸತಕ್ಕವನೊಬ್ಬನು ಬೇಕೆಂಬ ಅರಿವು ಇಂದಿನದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909 ರಲ್ಲಿ ಪ್ರಕಟಿಸಿ ಲೋಕಕ್ಕೆ ತಿಳಿಯಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರೂಪದರ್ಶಕನೆಂಬ ಅಧಿಕಾರಿಯುಂಟು. ಟಂಕಸಾಲೆಯ ಕೆಲಸವು ಲಕ್ಷಣಾಧ್ಯಕ್ಷನದು. ಹೊರಬಂದ ನಾಣ್ಯದಲ್ಲಿ ಯಾವುದು ವ್ಯವಹಾರಕ್ಕೆ ಸಲ್ಲುವುದು, ಯಾವುದು ಭಂಡಾರಕ್ಕೆ ಸಲ್ಲುವುದು ಎಂದು ನಿರ್ಣಯಿಸುವುದು ರೂಪದರ್ಶಕನದು. ನಮ್ಮ ನಾಡಿನ ಪೇಟೆಗಳಲ್ಲಿ ಒಂದು ಕಾಲಕ್ಕೆ ಚಿನಿವಾರರು ಮಾಡುತ್ತಿದ್ದ ಕೆಲಸವೂ ಇದಕ್ಕೆ ಹತ್ತಿರವಾದುದೇ.

ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದಿದೆ. ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದಲ್ಲಿ ಕೌಟಿಲ್ಯನು ರೂಪದರ್ಶಕನಿಗೇ ದಂಡವನ್ನು ವಿಧಿಸುತ್ತಾನೆ. ನಿರ್ದುಷ್ಟವಾದ ನಾಣ್ಯವನ್ನು ದುಷ್ಟವೆಂದವನಿಗೂ ದುಷ್ಟವಾದುದನ್ನು ನಿರ್ದುಷ್ಟವೆಂದು ಬಿಟ್ಟವನಿಗೂ ಹನ್ನೆರಡು ಪಣಗಳ ದಂಡ, ಎರಡಕ್ಕೂ ಸಮಾನ. ಖೋಟಾ ನಾಣ್ಯವನ್ನು ಒಪ್ಪಿಕೊಂಡವನು ಮಾತ್ರ ಅಪರಾಧಿಯೆಂದು ಲೋಕವು ಸಾಮಾನ್ಯವಾಗಿ ಭಾವಿಸುತ್ತದೆ. ಎಲ್ಲವನ್ನೂ ಖೋಟಾ ಎನ್ನುವವನಿಗೆ ‘ಬಹಳ ಕಟ್ಟುನಿಟ್ಟಿನ ಮನುಷ್ಯ’ ಎಂಬ ಕೀರ್ತಿಯೇ ಬರುತ್ತದೆ. ಕೌಟಿಲ್ಯನ ದೃಷ್ಟಿಯಲ್ಲಾದರೋ ನಿರಾಕರಣೆಯೂ ಒಂದು ಪ್ರತಿಜ್ಞೆಯೇ. ಅದಕ್ಕೂ ಕಾರಣವನ್ನು ಕೊಡತಕ್ಕುದು, ತಪ್ಪಿದರೆ ಅದಕ್ಕೂ ದಂಡವನ್ನು ತೆರತಕ್ಕುದು. ನಮ್ಮ ಪ್ರದರ್ಶನಗಳ ಪರೀಕ್ಷಕರಲ್ಲಿ ಇಲ್ಲದಿರುವುದು ಈ ಹೊಣೆಯೇ. ಸರಿಯಾದರೆ ಕೀರ್ತಿಯು ಅವರಿಗೆ. ತಪ್ಪಿದರೆ ನಷ್ಟವು ನಾಣ್ಯದ ಒಡೆಯನಿಗೆ.

ಇನ್ನು ಶಬ್ದಪ್ರಮಾಣದ ವಿಚಾರ. ಆಪ್ತನ ಉಪದೇಶವು ಪ್ರಮಾಣವೆಂದು ನ್ಯಾಯದರ್ಶನದ ಸಿದ್ಧಾಂತ. ಆಪ್ತನಾರು? ವಿಷಯವನ್ನು ಸಾಕ್ಷಾತ್ತಾಗಿ ತಿಳಿದವನು, ತಿಳಿದುದನ್ನು ತಿಳಿದಂತೆಯೇ ಹೇಳಲು ಇಚ್ಛಿಸುವವನು ಎಂದು ಭಾಷ್ಯಕಾರನಾದ ವಾತ್ಸ್ಯಾಯನನ ಅಭಿಪ್ರಾಯ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಆತನು ಸ್ಪಷ್ಟಪಡಿಸಿರುವುದು ಮನನೀಯವಾಗಿದೆ. ಆದಕಾರಣ ಕುಲ, ಪದವಿ, ವಯಸ್ಸು, ವೇಷ ಇವುಗಳಿಂದ ಆಪ್ತತ್ವವು ಬರುವುದಿಲ್ಲ. ಜ್ಞಾನ, ಯಥಾರ್ಥವಾಗಿ ಹೇಳುವ ಇಚ್ಛೆ ಎಂಬ ಎರಡೂ ಕೂಡಿದಲ್ಲಿ ಬರುವುದು. ಬೆಲೆ ಕಟ್ಟುವವನೇ ಕೊಳ್ಳುವವನೂ ಆದಲ್ಲಿ ಎರಡನೆಯದು ಸಂಶಯಗ್ರಸ್ತವಾಗುತ್ತದೆ. ಭೂತಕನ್ನಡಿಯೊಂದನ್ನೇ ಬಂಡವಾಳವಾಗಿ ಮಾಡಿಕೊಂಡವನಲ್ಲಿ ಮೊದಲನೆಯದು.

ವೈದ್ಯಶಾಸ್ತ್ರದಲ್ಲಿಯೂ ಇಂತಹ ವಿಮರ್ಶೆಯುಂಟು. ಚರಕಸಂಹಿತೆಯ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯವು ವೈದ್ಯರನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಔಷಧದ ಪಾತ್ರೆ, ಗ್ರಂಥ, ಗಂಭೀರವಾದ ನೋಟ ಇಷ್ಟರಿಂದಲೇ ವೈದ್ಯನೆನಿಸಿಕೊಳ್ಳುವವನು ಛದ್ಮಚರ. ಪ್ರಸಿದ್ಧರಾದವರ ಹೆಸರನ್ನು ಹೇಳಿಕೊಂಡು ಬದುಕುವವನು ಸಿದ್ಧಸಾಧಿತ. ಮೂರನೆಯವನು ಮಾತ್ರ ನಿಜವಾದ ವೈದ್ಯ. ಪ್ರದರ್ಶನಮಂಟಪದಲ್ಲಿ ಒಂದು ಘಳಿಗೆ ನಿಂತು ನೋಡಿದವರಿಗೆ ಈ ಮೂವರೂ ಕಾಣಿಸದೆ ಇರರು. ಕೈಚೀಲ, ಬಿಳಿಯ ಕೈಗವಸು, ಕೊರಳಲ್ಲಿ ತೂಗುವ ಭೂತಕನ್ನಡಿ ಇವು ಮೊದಲನೆಯವನ ಸಾಮಗ್ರಿ. ‘ವಸ್ತುಸಂಗ್ರಹಾಲಯದ ಅಧಿಕಾರಿಗಳು ನನ್ನನ್ನು ಕೇಳದೆ ಮುಂದುವರಿಯುವುದಿಲ್ಲ’ ಎಂಬುದು ಎರಡನೆಯವನ ಮಂತ್ರ.

3

ಇವರ ವಚನಗಳನ್ನು ಹೇತ್ವಾಭಾಸಗಳ ದೃಷ್ಟಿಯಿಂದ ಪರಿಶೀಲಿಸಿದರೆ ದೋಷವೆಲ್ಲಿದೆಯೆಂಬುದು ಕರತಲಾಮಲಕವಾಗುವುದು. ನಮ್ಮ ಕರಾವಳಿಯಲ್ಲಿ ಮೇಲಿಂದ ಮೇಲೆ ಕಾಣಸಿಗುವ ವಸ್ತುಗಳಿಂದಲೇ ಕೆಲವು ಉದಾಹರಣೆಗಳನ್ನು ಕೊಡುವೆನು.

ಮೊದಲನೆಯದು ಮೀನಿನ ಗುರುತು. ತುಳುನಾಡನ್ನಾಳಿದ ಆಳುಪರ ಚಿನ್ನದ ನಾಣ್ಯಗಳಲ್ಲಿ ಜೋಡಿಮೀನುಗಳಿವೆ. ಇದನ್ನು ಕಂಡೊಡನೆ ‘ಮೀನು ಮಧುರೆಯ ಪಾಂಡ್ಯರ ಲಾಂಛನ; ಆದುದರಿಂದ ಇದು ಮಧುರೆಯದು’ ಎನ್ನುವರು. ಹಿಂಬದಿಯಲ್ಲಿ ಶ್ರೀ ಪಾಂಡ್ಯ ಧನಂಜಯ ಎಂಬ ಬರಹವಿದ್ದರಂತೂ ವಿವಾದವೇ ಮುಗಿಯಿತೆಂದು ತಿಳಿಯುವರು. ಆದರೆ ಮೀನು ಎರಡು ವಂಶಗಳಿಗೂ ಸಾಧಾರಣವಾದ ಗುರುತು. ಆಳುಪ ಅರಸರೂ ಪಾಂಡ್ಯ ಎಂಬ ಬಿರುದನ್ನು ಧರಿಸುತ್ತಿದ್ದರು. ಸಾಧ್ಯವಿರುವಲ್ಲಿಯೂ ಇಲ್ಲದಲ್ಲಿಯೂ ಕಾಣುವ ಹೇತುವು ಸವ್ಯಭಿಚಾರವೆಂಬುದನ್ನು ಪಾಠಶಾಲೆಯ ವಿದ್ಯಾರ್ಥಿಯೂ ಬಲ್ಲನು. ಬರಹದ ಲಿಪಿ, ನಾಣ್ಯದ ತೂಕ, ಸಿಕ್ಕಿದ ಸ್ಥಳ ಇವೆಲ್ಲವನ್ನೂ ಕೂಡಿಸಿಯೇ ನಿರ್ಣಯವನ್ನು ಮಾಡತಕ್ಕುದು.

ಎರಡನೆಯದು ಟಿಪ್ಪುಸುಲ್ತಾನನ ವರ್ಷಗಣನೆ. ಅವನ ಅನೇಕ ನಾಣ್ಯಗಳ ಮೇಲೆ 1215 ರಿಂದ 1227 ರವರೆಗಿನ ವರ್ಷಗಳು ಕಾಣಬರುತ್ತವೆ. ಅವುಗಳನ್ನು ಹಿಜರಿಯೆಂದು ತಿಳಿದು ಲೆಕ್ಕಮಾಡಿದರೆ 1215 ಎಂಬುದು ಕ್ರಿ. ಶ. 1800 ರಲ್ಲಿ ಆರಂಭವಾಗುತ್ತದೆ. ಟಿಪ್ಪುವು ಮಡಿದುದು 1799 ನೆಯ ಮೇ 4 ರಂದು. ‘ಸತ್ತವನು ನಾಣ್ಯವನ್ನು ಮುದ್ರಿಸುವನೇ? ಇದು ಖೋಟಾ’ ಎಂಬ ವಾದವು ಕೇಳುವುದಕ್ಕೆ ಬಹು ಸೊಗಸಾಗಿದೆ. ಆದರೆ ಹೇತುವೇ ಅಸಿದ್ಧ. ಟಿಪ್ಪುವು ತನ್ನ ಆಳಿಕೆಯ ಐದನೆಯ ವರ್ಷದಿಂದ ಹಿಜರಿಯನ್ನು ಬಿಟ್ಟು ಮೌಲೂದೀ ಗಣನೆಯನ್ನು ಜಾರಿಗೆ ತಂದನು. ಹಿಜರಿಯ 1201 ಅಲ್ಲಿ 1215 ಆಗುತ್ತದೆ, ಎಂದರೆ ಕ್ರಿ. ಶ. 1787 ರ ಸುಮಾರು. ಇಷ್ಟೇ ಅಲ್ಲದೆ ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಇದನ್ನರಿಯದವನು ವಾಸ್ತವವಾದ ನಾಣ್ಯವನ್ನು ಎರಡು ಸಲ ಕೊಲ್ಲುತ್ತಾನೆ: ಅಂಕಿಗಳನ್ನು ತಿರುಗುಮುರುಗಾಗಿ ಓದಿ ಒಮ್ಮೆ, ಸರಿಯಾಗಿ ಓದಿ ಮತ್ತೊಮ್ಮೆ.

ಮೂರನೆಯದು ನಮ್ಮ ಬೋಳಾರ ಜೆಪ್ಪುಗಳಿಗೆ ಹತ್ತಿರದ ವಿಷಯ. ಹಂಚಿನ ಕಾರ್ಖಾನೆಗಳಿಂದ ಹೆಸರಾಗಿದ್ದ ಈ ಪ್ರದೇಶದಲ್ಲಿ ಹಳೆಯ ಮನೆಗಳನ್ನು ಕೆಡಹುವಾಗ ದೊರೆಯುವ ಹಂಚುಗಳನ್ನೂ ಈಗ ಸಂಗ್ರಾಹಕರು ಕೊಂಡೊಯ್ಯುತ್ತಾರೆ. ಬಾಸೆಲ್ ಮಿಶನಿನ ಹಂಚಿನ ಮೇಲೆ 1865 ಎಂದಿದ್ದರೆ, ಆ ಹಂಚು ಸುಡಲ್ಪಟ್ಟುದೇ 1865 ರಲ್ಲಿ ಎಂದು ಸಾರುವರು. 1865 ಎಂಬುದು ಜಾರ್ಜ್ ಪ್ಲೆಬ್ಸ್ಟನು ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದ ವರ್ಷ. ಸ್ಥಾಪನೆಯ ವರ್ಷವು ತರುವಾಯ ಬಂದ ಹಂಚುಗಳ ಮೇಲೆಯೂ ಮುದ್ರಿತವಾಗುತ್ತ ಬಂದಿತು. ತಂದೆಯ ಜನ್ಮವರ್ಷವನ್ನು ನೋಡಿ ಮಗನಿಗೆ ವಯಸ್ಸನ್ನು ಹೇಳಿದಂತಾಯಿತು ಇವರ ನಿರ್ಣಯ.

ನಾಲ್ಕನೆಯದು ಕಿಲುಬು. ಹಸುರಾಗಿ ಕಪ್ಪಾಗಿ ಕಂಡದ್ದೆಲ್ಲ ಪುರಾತನವೆಂಬ ನಂಬಿಕೆಯು ಬಲವಾಗಿ ಬೇರೂರಿದೆ. ಬೆಂಕಿಯಿರುವಲ್ಲೆಲ್ಲ ಹೊಗೆಯೆಂಬುದು ಹಸಿಯ ಸೌದೆಯೆಂಬ ಉಪಾಧಿಯಿದ್ದಾಗ ಮಾತ್ರ ಸತ್ಯವೆಂದು ತಾರ್ಕಿಕರು ಹೇಳುವಂತೆ, ಕಿಲುಬಿಗೂ ತೇವ, ಉಪ್ಪು, ಮಣ್ಣಿನ ಗುಣ ಎಂಬ ಉಪಾಧಿಗಳಿವೆ. ನಾಲ್ಕು ತಿಂಗಳ ಮಳೆಯೂ ಸಮುದ್ರದ ಗಾಳಿಯೂ ಇರುವ ನಮ್ಮ ಊರಿನಲ್ಲಿ ನಿನ್ನೆ ಮೊನ್ನೆಯ ತಾಮ್ರದ ಬಿಲ್ಲೆಯೂ ಬೇಗನೆ ಹಸುರಾಗುತ್ತದೆ. ಆಮ್ಲವನ್ನು ಸವರಿಯೂ ಹುಗಿದಿಟ್ಟೂ ಹಸುರು ಬರಿಸುವವರೂ ಇದ್ದಾರೆ. ಒಣ ಜಾಗದಲ್ಲಿ ಮುಚ್ಚಿಟ್ಟ ಚಿನ್ನದ ವರಹವು ಶತಮಾನಗಳ ಮೇಲೆಯೂ ಹೊಸದರಂತೆ ಹೊಳೆಯಬಲ್ಲದು.

ಐದನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಏಕೆಂದರೆ ಇಲ್ಲಿ ನಿಗಮನವು ಸತ್ಯ, ಹೇತುವು ದುಷ್ಟ. ಒಂದು ಮುಖದಲ್ಲಿ ರಾಮಪಟ್ಟಾಭಿಷೇಕವನ್ನೂ ಇನ್ನೊಂದರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಹೆಸರು, ಒಂದಾಣೆ, 1818 ಎಂಬ ಬರಹವನ್ನೂ ಹೊತ್ತ ತಾಮ್ರದ ಬಿಲ್ಲೆಗಳು ಮನೆಮನೆಯಲ್ಲಿಯೂ ಇವೆ. ಇವು ಕಂಪೆನಿಯ ನಾಣ್ಯಗಳಲ್ಲ ಎಂಬುದು ನಿಶ್ಚಯ. ಆದರೆ ‘ಕಂಪೆನಿಯವರು ನಮ್ಮ ದೇವರುಗಳ ಮೂರ್ತಿಯನ್ನು ನಾಣ್ಯದಲ್ಲಿ ಮುದ್ರಿಸಿದ್ದೇ ಇಲ್ಲ’ ಎಂದು ಪರೀಕ್ಷಕನು ಕೊಡುವ ಕಾರಣವು ಸುಳ್ಳು. ಕಂಪೆನಿಯು ಮದರಾಸಿನಲ್ಲಿ ಹೊರಡಿಸಿದ ನಕ್ಷತ್ರವರಹದಲ್ಲಿ ವಿಷ್ಣುಮೂರ್ತಿಯಿದೆ. ಮೂರುಸ್ವಾಮಿಯ ವರಹದಲ್ಲಿ ದೇವನು ಪತ್ನೀದ್ವಯಸಮೇತನಾಗಿದ್ದಾನೆ. ಸರಿಯಾದ ಹೇತುವು ಬೇರೆಯಿದೆ: ಒಂದಾಣೆಯ ನಾಣ್ಯವು ಈ ದೇಶದಲ್ಲಿ ಚಲಾವಣೆಗೆ ಬಂದುದು 1907 ರಲ್ಲಿ, ಅದೂ ತಾಮ್ರನಿಕ್ಕಲುಗಳ ಮಿಶ್ರಲೋಹದಲ್ಲಿ, ಕಂಪೆನಿಯ ಆಡಳಿತವೋ 1858 ರಲ್ಲಿಯೇ ಮುಗಿದಿತ್ತು. 1818 ರ ಮೊದಲು ಮದರಾಸು ಸೀಮೆಗಾಗಿ ಕಂಪೆನಿಯು ಮಾಡಿಸಿದ ತಾಮ್ರದ ನಾಣ್ಯಗಳಲ್ಲಿ ಹಲವು ಕಾಸಿನ ಲೆಕ್ಕದವು. ದುಷ್ಟಹೇತುವಿನಿಂದ ಸತ್ಯವನ್ನು ಮುಟ್ಟಿದವನು ಇಂದು ರಾಮನ ಬಿಲ್ಲೆಯ ವಿಷಯದಲ್ಲಿ ಗೆದ್ದು, ನಾಳೆ ಅದೇ ಹೇತುವಿನಿಂದ ವಾಸ್ತವವಾದ ನಕ್ಷತ್ರವರಹವನ್ನು ಒಲೆಗೆ ಹಾಕಿಸುವನು. ಆದಕಾರಣವೇ ತೀರ್ಪು ಸರಿಯಾಗಿದ್ದರೆ ಸಾಲದು, ಕಾರಣವೂ ಸರಿಯಾಗಿರಬೇಕೆಂಬ ನಿರ್ಬಂಧ.

ಈ ಬಿಲ್ಲೆಗಳನ್ನು ಪೂಜಿಸುವವರ ಭಕ್ತಿಯನ್ನು ಹೀಗಳೆಯಬೇಕಾದುದೂ ಇಲ್ಲ. ಪೂಜೆಗೆಂದೇ ಮಾಡಿಸಿದ ರಾಮಟಂಕಗಳು ನಮ್ಮಲ್ಲಿ ಹಿಂದಿನಿಂದಲೂ ಇವೆ. ಪೂಜಾರ್ಹತೆ ಬೇರೆ, ಪ್ರಾಚೀನತೆ ಬೇರೆ. ಪ್ರಾಚೀನತೆ ಬೇರೆ, ದುರ್ಲಭತೆ ಬೇರೆ. 1808 ನೆಯ ವರ್ಷವನ್ನು ಹೊತ್ತ ಹತ್ತು ಕಾಸು ಇಪ್ಪತ್ತು ಕಾಸುಗಳ ಕಂಪೆನಿಯ ನಾಣ್ಯಗಳು ನಿಜವಾಗಿಯೂ ಪುರಾತನ. ಆದರೆ ಅವುಗಳನ್ನು ಮದರಾಸಿಗೆ ತರುತ್ತಿದ್ದ ಅಡ್ಮಿರಲ್ ಗಾರ್ಡ್ನರ್ ಎಂಬ ಹಡಗು 1809 ರಲ್ಲಿ ಇಂಗ್ಲೆಂಡಿನ ಕರೆಯಲ್ಲಿಯೇ ಮುಳುಗಿ, ಅದರೊಳಗಿದ್ದ ನಾಣ್ಯಗಳು ರಾಶಿರಾಶಿಯಾಗಿ ಮೇಲೆ ಬಂದಿರುವುದರಿಂದ ಅವು ದುರ್ಲಭವಲ್ಲ. ಇನ್ನೂರು ವರ್ಷದ್ದೆಂದ ಮಾತ್ರಕ್ಕೆ ಲಕ್ಷ ರೂಪಾಯಿಯಾಗದು.

4

‘ತಪ್ಪು ಹೇಳಿದರೇನಾಯಿತು? ಬಾಯಿಮಾತಷ್ಟೆ!’ ಎಂದು ಉಪೇಕ್ಷಿಸುವವರೂ ಉಂಟು. ಆದರೆ ಈ ಬಾಯಿಮಾತಿನ ಫಲವು ಲೋಹದ ಮೇಲೆಯೂ ಬಡವರ ಮೇಲೆಯೂ ಬೀಳುತ್ತದೆ.

ಹುಣಸೆಹುಳಿಯಿಂದ ಬೆಳಗಿ ತನ್ನಿರೆಂದು ಉಪದೇಶಿಸಿದೊಡನೆ ಮನೆಯವರು ದೇವರ ಪಾತ್ರೆಯನ್ನು ಬೆಳಗುವಂತೆಯೇ ನಾಣ್ಯವನ್ನೂ ಬೆಳಗುವರು. ಹುಳಿಯು ಕಿಲುಬಿನೊಡನೆ ಅಕ್ಷರದ ಅಂಚನ್ನೂ ತಿಂದು ಹಾಕುವುದು. ತಾಮ್ರದ ನಾಣ್ಯವು ಅಕ್ಕಿಕಾಳನ್ನು ಸೆಳೆಯುವುದೆಂದೂ ಅದಕ್ಕೆ ಕೋಟಿ ಬೆಲೆಯೆಂದೂ ನಂಬಿಸಿ, ಕಬ್ಬಿಣದ ಪುಡಿಯನ್ನು ಸೇರಿಸಿದ ಅಕ್ಕಿಯನ್ನು ಅಯಸ್ಕಾಂತದಿಂದ ಆಡಿಸಿ ತೋರಿಸಿ ಹಣ ಸುಲಿದ ಪ್ರಕರಣಗಳು ನಮ್ಮ ರಾಜ್ಯದ ಪೋಲೀಸರಿಗೆ ಹೊಸತಲ್ಲ. ಹಳೆಯ ನೋಟುನಾಣ್ಯಗಳಿಗೆ ಭಾರಿ ಬೆಲೆ ಕೊಡುವುದಾಗಿ ರಿಸರ್ವ್ ಬ್ಯಾಂಕಿನ ಹೆಸರನ್ನೇ ಬಳಸಿ ಶುಲ್ಕ ವಸೂಲು ಮಾಡುವವರು ಹೆಚ್ಚಿದುದರಿಂದ, ತಾನು ಇಂತಹ ವ್ಯವಹಾರದಲ್ಲಿಲ್ಲವೆಂದು ಆ ಬ್ಯಾಂಕೇ 2021 ನೆಯ ಆಗಸ್ಟಿನಲ್ಲಿ ಪ್ರಕಟಣೆಯನ್ನು ಹೊರಡಿಸಬೇಕಾಯಿತು. ನೂರು ವರ್ಷ ದಾಟಿದ ನಾಣ್ಯವು 1972 ರ ಪುರಾವಸ್ತು ಕಾನೂನಿನ ವ್ಯಾಪ್ತಿಗೆ ಬರುವುದು. ಖಾಸಗಿಯವರು ಅದನ್ನು ಪರದೇಶಕ್ಕೆ ಕಳುಹಿಸುವಂತಿಲ್ಲ. ಇದನ್ನರೆಬರೆಯಾಗಿ ಕೇಳಿದವರು ‘ಸರ್ಕಾರವು ಕಿತ್ತುಕೊಳ್ಳುವುದು, ಬೇಗ ಕರಗಿಸಿರಿ’ ಎಂದು ಹೆದರಿಸುವರು. ಕರಗಿದ ಚಿನ್ನಕ್ಕೆ ತೂಕವಿರುವುದು, ಇತಿಹಾಸವಿರದು.

ನಗರದ ಪ್ರದರ್ಶನವೊಂದರಲ್ಲಿ ಕಂಡ ಸಂಗತಿಯನ್ನು ಇಲ್ಲಿ ಉದಾಹರಿಸುವೆನು. ವೃದ್ಧೆಯೊಬ್ಬರು ಸೆರಗಿನ ಗಂಟಿನಿಂದ ಒಂದು ವರಹವನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ತಾಯಿಯ ಮನೆಯಿಂದ ಬಂದುದಂತೆ. ಮೊಮ್ಮಗಳ ಕಾಲೇಜಿನ ಶುಲ್ಕಕ್ಕಾಗಿ ಮಾರುವ ಯೋಚನೆ. ಮುಂಬದಿಯಲ್ಲಿ ಶಿವಪಾರ್ವತಿಯರು, ಹಿಂಬದಿಯಲ್ಲಿ ಒಂದೇ ಒಂದು ಪಾರ್ಸಿ ಅಕ್ಷರ. ಪಕ್ಕದಲ್ಲಿ ನಿಂತಿದ್ದ ಮಹನೀಯರೊಬ್ಬರು ಅದನ್ನೆತ್ತಿಕೊಂಡು, ‘ಈಶ್ವರಪಾರ್ವತಿಯರ ಬೆನ್ನಿಗೆ ಪಾರ್ಸಿ ಅಕ್ಷರವೇ! ಶುದ್ಧ ಖೋಟಾ. ಆಚಾರಿಯ ಹತ್ತಿರ ಕೊಟ್ಟು ಕರಗಿಸಿ, ಬಂದಷ್ಟು ಬರಲಿ’ ಎಂದರು.

ಮೇಜಿನ ಹಿಂದಿದ್ದ ತರುಣನು ಸಿಟ್ಟಾಗಲಿಲ್ಲ. ‘ಸಾರ್, ಅಕ್ಷರದ ಹೊರತು ಬೇರೆ ಏನಾದರೂ ದೋಷ ಕಂಡಿತೇ?’ ಎಂದು ಕೇಳಿದನು. ‘ಮೂವತ್ತು ವರ್ಷದಿಂದ ನೋಡುತ್ತಿದ್ದೇನಪ್ಪ’ ಎಂದುತ್ತರ ಬಂದಿತು. ‘ಹಾಗಾದರೆ ಒಟ್ಟಿಗೇ ನೋಡುವ’ ಎಂದು ಅವನು ಚಿಕ್ಕ ತಕ್ಕಡಿಯನ್ನು ಮುಂದಿಟ್ಟನು. ತೂಕವು ಮೂರು ಗ್ರಾಮು ನಾನೂರು ಮಿಲಿಗ್ರಾಮಿನ ಆಚೀಚೆ, ವರಹಕ್ಕೆ ಸಲ್ಲತಕ್ಕಷ್ಟೇ. ಅಷ್ಟೇ ಗಾತ್ರದ ಹಿತ್ತಾಳೆಯ ಬಿಲ್ಲೆಯಾಗಿದ್ದರೆ ಹೆಚ್ಚುಕಡಿಮೆ ಅರ್ಧ ಮಾತ್ರ ತೂಗುತ್ತಿತ್ತು. ಅಂಚಿನಲ್ಲಿ ಎರಕದ ಗೆರೆಯಿರಲಿಲ್ಲ, ಮೈಮೇಲೆ ಗುಳ್ಳೆಗಳಿರಲಿಲ್ಲ. ತರುವಾಯ ಅವನು ಹೆಂಡರ್ಸನನ ಗ್ರಂಥದ ಚಿತ್ರಪಟವನ್ನು ತೆರೆದು ಅವರ ಕೈಗೇ ಕೊಟ್ಟನು. 1763 ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಇಕ್ಕೇರಿಯ ನಾಯಕರ ಶಿವಪಾರ್ವತಿಯರ ಮಾದರಿಯನ್ನೇ ಉಳಿಸಿಕೊಂಡು, ಅವರ ಹಿಂಬದಿಯ ಶ್ರೀ ಸದಾಶಿವ ಎಂಬ ನಾಗರೀ ಬರಹದ ಸ್ಥಾನದಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಹಾಕಿಸಿದನು. ಯಾವುದನ್ನು ಖೋಟಾತನದ ಗುರುತೆಂದರೋ ಅದೇ ಹೈದರನ ವರಹದ ಲಕ್ಷಣವಾಗಿತ್ತು. ಸಾಧ್ಯಕ್ಕೆ ವಿರುದ್ಧವನ್ನೇ ಸಾಧಿಸುವ ಇಂತಹ ಹೇತುವಿಗೆ ವಿರುದ್ಧವೆಂದೇ ಹೆಸರು. ಮಹನೀಯರು ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ ‘ಇರಬಹುದು’ ಎಂದರು. ತರುಣನು ಅಷ್ಟಕ್ಕೇ ಬಿಟ್ಟು ವೃದ್ಧೆಯ ಕಡೆಗೆ ತಿರುಗಿ, ‘ಅಮ್ಮಾ, ಇದನ್ನು ತೊಳೆಯಬೇಡಿ, ಕರಗಿಸಬೇಡಿ. ಇವತ್ತು ಇಲ್ಲಿ ಯಾರಿಗೂ ಮಾರಬೇಡಿ; ನನಗೂ ಬೇಡ. ಇನ್ನೂ ಇಬ್ಬರಿಗೆ ತೋರಿಸಿ ಬರೆಯಿಸಿಕೊಳ್ಳಿ’ ಎಂದನು.

5

ಆ ತರುಣನು ಶಾಸ್ತ್ರವನ್ನೋದಿದ್ದನೋ ಇಲ್ಲವೋ. ಅವನ ನಡೆಯಲ್ಲಿ ಮಾತ್ರ ಶಾಸ್ತ್ರವಿತ್ತು. ವಾದ, ಜಲ್ಪ, ವಿತಂಡಾ ಎಂದು ಕಥೆಯು ಮೂರು ವಿಧ. ತತ್ತ್ವವನ್ನು ತಿಳಿಯಲೆಂದು ನಡೆಯುವುದು ವಾದ. ಗೆಲ್ಲಲೆಂದು ನಡೆಯುವುದು ಜಲ್ಪ. ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಪರಪಕ್ಷವನ್ನು ಕೆಡಹುವುದಷ್ಟೇ ವಿತಂಡಾ. ಸ್ವಯಂನಿಯುಕ್ತ ಪರೀಕ್ಷಕನ ‘ಇದು ಖೋಟಾ’ ಎಂಬುದು ಪ್ರಾಯಶಃ ವಿತಂಡೆ. ಅದಕ್ಕೆ ವಿತಂಡೆಯಿಂದಲೇ ಉತ್ತರವಿತ್ತರೆ ಸ್ವರವು ಏರುವುದೇ ಹೊರತು ನಾಣ್ಯದ ವಿಷಯವು ಒಂದಿಷ್ಟೂ ಸ್ಪಷ್ಟವಾಗದು.

ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸಂಧಾಯಸಂಭಾಷೆ, ವಿಗೃಹ್ಯಸಂಭಾಷೆ ಎಂಬ ಎರಡು ಮಾರ್ಗಗಳನ್ನು ಹೇಳಿದೆ. ಜ್ಞಾನವುಳ್ಳವನೂ ಕೋಪವಿಲ್ಲದವನೂ ಆದವನೊಡನೆ ಸ್ನೇಹದಿಂದ ಮಾತನಾಡುವುದು ಮೊದಲನೆಯದು. ಎದುರಾಳಿಯೊಡನೆ ಸೆಣಸುವುದು ಎರಡನೆಯದು. ಸೆಣಸುವ ಮೊದಲು ಎದುರಾಳಿಯ ಬಲಾಬಲವನ್ನೂ ಸಭೆಯ ಸ್ವರೂಪವನ್ನೂ ಪರೀಕ್ಷಿಸಬೇಕೆಂದು ಆಚಾರ್ಯನ ಉಪದೇಶ. ಪ್ರದರ್ಶನಮಂಟಪದ ಸಭೆಯು ಬಹುಮಟ್ಟಿಗೆ ವಿಷಯವನ್ನರಿಯದ ಸಭೆ. ಅಲ್ಲಿ ಗಂಟಲೆತ್ತಿದವನಿಗೇ ಜಯ. ಆದುದರಿಂದ ಅಲ್ಲಿ ಮಾತಿನ ಭಾರವನ್ನು ವಸ್ತುವಿನ ಮೇಲೆ ಹೊರಿಸುವುದೇ ಜಾಣತನ. ತಕ್ಕಡಿಗೆ ಹಮ್ಮಿಲ್ಲ, ಚಿತ್ರಪಟಕ್ಕೆ ಬಿರುದಿಲ್ಲ. ಅವುಗಳೆದುರು ಸೋತವನಿಗೆ ಅವಮಾನವೂ ಆಗದು.

ಹೀಗೆ ಮಾಡುವಾಗ ಮೂರು ಪ್ರಶ್ನೆಗಳು ಸಾಕೆಂದು ನನ್ನ ಮತ. ತಮ್ಮ ಪ್ರತಿಜ್ಞೆಯೇನು? ಅದು ಯಾವ ಲಕ್ಷಣದಿಂದ ಸಿದ್ಧವಾಗುವುದು? ಆ ಲಕ್ಷಣವುಳ್ಳ ಬೇರೊಂದು ನಾಣ್ಯವನ್ನು ಎಲ್ಲಿ ಕಾಣಬಹುದು? ಪ್ರತಿಜ್ಞೆ, ಹೇತು, ಉದಾಹರಣಗಳೆಂಬ ಅವಯವಗಳೇ ಇವು. ನಿಜವಾಗಿ ತಿಳಿದವನು ಈ ಪ್ರಶ್ನೆಗಳಿಂದ ಸಂತೋಷಪಡುವನು, ಹೇಳಲು ಅವಕಾಶವಾಯಿತೆಂದು. ತಿಳಿಯದವನು ಪ್ರಶ್ನೆಯನ್ನು ಬಿಟ್ಟು ಪ್ರಶ್ನಿಸಿದವನ ಮೇಲೆ ತಿರುಗುವನು. ಪರೀಕ್ಷಕನ ಪರೀಕ್ಷೆಯು ಅಲ್ಲಿಗೆ ಮುಗಿಯುವುದು. ಆಮೇಲೆ ಮಾತನಾಡಬೇಕಾದುದು ಅವನೊಡನೆ ಅಲ್ಲ, ವಸ್ತುವಿನ ಒಡೆಯನೊಡನೆ. ಪರೀಕ್ಷಕನನ್ನು ಮೌನಗೊಳಿಸುವುದಕ್ಕಿಂತ ನಾಣ್ಯವು ಕರಗದಿರುವಂತೆ ನೋಡಿಕೊಳ್ಳುವುದು ದೊಡ್ಡ ಕೆಲಸ.

6

ಇಲ್ಲೊಂದು ಪೂರ್ವಪಕ್ಷವುಂಟು. ‘ಹಾಗಾದರೆ ವಿಶ್ವವಿದ್ಯಾಲಯದ ಪದವಿಯಿಲ್ಲದವರೆಲ್ಲರೂ ಬಾಯಿ ಮುಚ್ಚಿಕೊಂಡಿರಬೇಕೇ? ಹವ್ಯಾಸಿಗಳಿಂದಲೇ ಬೆಳೆದ ಶಾಸ್ತ್ರದಲ್ಲಿ ಹವ್ಯಾಸಿಗಳಿಗೇ ಸ್ಥಳವಿಲ್ಲವೇ?’

ಇದಕ್ಕೆ ಸಮಾಧಾನ: ಸ್ವಯಂಶಿಕ್ಷಿತನು ಬೇರೆ, ಸ್ವಯಂನಿಯುಕ್ತನು ಬೇರೆ. 1886 ರಲ್ಲಿ ದಕ್ಷಿಣಭಾರತದ ನಾಣ್ಯಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದ ವಾಲ್ಟರ್ ಎಲಿಯಟ್ ಮದರಾಸು ಸರ್ಕಾರದ ಆಡಳಿತಾಧಿಕಾರಿಯಾಗಿದ್ದವನು, ಉಪಾಧ್ಯಾಯನಲ್ಲ. ಹೈದರಾಲಿ ಟಿಪ್ಪುಸುಲ್ತಾನರ ನಾಣ್ಯಗಳ ವಿಷಯದಲ್ಲಿ ಇಂದಿಗೂ ಎಲ್ಲರೂ ತೆರೆದು ನೋಡುವ 1921 ರ ಗ್ರಂಥವನ್ನು ರಚಿಸಿದ ಜೆ. ಆರ್. ಹೆಂಡರ್ಸನ್ ಮೂಲತಃ ಪ್ರಾಣಿಶಾಸ್ತ್ರಜ್ಞ. ಏಡಿಗಳ ಜಾತಿಭೇದವನ್ನು ವಿವೇಚಿಸುತ್ತಿದ್ದವನು. ಏಡಿಯ ಚಿಪ್ಪಿನ ಮೇಲಿನ ಸೂಕ್ಷ್ಮಭೇದವನ್ನು ಗುರುತಿಸಿ ದಾಖಲೆಮಾಡುವ ಕಣ್ಣೇ ನಾಣ್ಯದ ಅಚ್ಚುಗಳ ಭೇದವನ್ನೂ ಗುರುತಿಸಿತು. ಇವರ ಮಾತನ್ನು ನಾವು ನಂಬುವುದು ಇವರು ಇಂಥವರೆಂಬುದರಿಂದಲ್ಲ. ನಾಣ್ಯದ ತೂಕ, ಚಿತ್ರ, ಬರಹ, ಟಂಕಸಾಲೆ ಎಲ್ಲವನ್ನೂ ಬರೆದಿಟ್ಟು, ತಾವು ತಪ್ಪಿದಲ್ಲಿ ಪರರು ತೋರಿಸಿಕೊಡುವುದಕ್ಕೆ ಎಡೆಮಾಡಿಕೊಟ್ಟಿದ್ದಾರೆಂಬುದರಿಂದ. ಬರೆದವನು ಸಿಕ್ಕಿಬೀಳಬಲ್ಲನು, ಬರೆಯದವನು ಎಂದಿಗೂ ಸಿಕ್ಕಿಬೀಳನು. ಆಪ್ತನಿಗೂ ಆಪ್ತಾಭಾಸನಿಗೂ ಇರುವ ಭೇದವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳಲಾರೆನು.

ದೋಷದ ಒಂದು ಪಾಲು ವಿದ್ವಾಂಸರಿಗೂ ಸಲ್ಲತಕ್ಕುದು. ಬಿ. ಎ. ಸಾಲೆತ್ತೂರರ ತುಳುವ ಇತಿಹಾಸವು 1936 ರಲ್ಲಿಯೂ, ಕೆ. ವಿ. ರಮೇಶರ ದಕ್ಷಿಣಕನ್ನಡದ ಇತಿಹಾಸವು 1970 ರಲ್ಲಿಯೂ, ಪಿ. ಗುರುರಾಜಭಟ್ಟರ ತುಳುವ ಸಂಶೋಧನೆಗಳೂ ಎ. ವಿ. ನರಸಿಂಹಮೂರ್ತಿಗಳ ಕರ್ನಾಟಕದ ನಾಣ್ಯಗಳನ್ನು ಕುರಿತ ಗ್ರಂಥವೂ 1975 ರಲ್ಲಿಯೂ ಬಂದವು. ಎಲ್ಲವೂ ಮಾನ್ಯವಾದ ಕೃತಿಗಳು, ಎಲ್ಲವೂ ಇಂಗ್ಲಿಷಿನವು. ಸೆರಗಿನ ಗಂಟಿನಲ್ಲಿ ವರಹವನ್ನು ತರುವವರಿಗೆ ಅವು ಎಟುಕುವುದಿಲ್ಲ. ತಿಳಿದವರು ಬರೆದ ಗ್ರಂಥಗಳು ಕಪಾಟಿನಲ್ಲಿರುವಾಗ, ತಿಳಿಯದವರು ಆಡಿದ ಮಾತು ಮಂಟಪವನ್ನೆಲ್ಲ ಆಳುವುದು ಆಶ್ಚರ್ಯವಲ್ಲ.

ಹೀಗಿರಲು ಪ್ರದರ್ಶನಗಳನ್ನು ಏರ್ಪಡಿಸುವವರ ಮುಂದೆ ಕೆಲವು ಸೂಚನೆಗಳನ್ನಿಡುವೆನು. ಪ್ರತಿಯೊಂದು ನಾಣ್ಯದ ಬಳಿಯಲ್ಲಿಯೂ ಅದರ ತೂಕ, ಲೋಹ, ಬರಹ, ಕಾಲ, ಆ ಕಾಲವನ್ನು ನಿರ್ಣಯಿಸಿದ ಕಾರಣ ಇಷ್ಟನ್ನು ಕನ್ನಡದಲ್ಲಿ ಬರೆದ ಲಕ್ಷಣಪತ್ರವಿರಲಿ. ಸಾರ್ವಜನಿಕರು ತರುವ ವಸ್ತುಗಳ ಪರೀಕ್ಷೆಗೆ ಪ್ರತ್ಯೇಕವಾದ ಮೇಜೊಂದಿರಲಿ. ಅಲ್ಲಿ ಒಬ್ಬರಲ್ಲ, ಇಬ್ಬರು ಕುಳಿತುಕೊಳ್ಳಲಿ. ಅಭಿಪ್ರಾಯವನ್ನು ಕಾರಣಸಹಿತವಾಗಿ ಬರೆದು ರುಜು ಹಾಕಿ ಕೊಡಲಿ. ಪರೀಕ್ಷಿಸಿದವನು ಆ ವಸ್ತುವನ್ನು ಕೊಳ್ಳಕೂಡದು. ತಿಳಿಯದಿದ್ದಲ್ಲಿ ತಿಳಿಯದೆಂದು ಬರೆಯುವುದಕ್ಕೆ ನಾಚಬಾರದು. ನಮ್ಮ ಊರಿನಲ್ಲಿ ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ವಸ್ತುಸಂಗ್ರಹಾಲಯವೂ, 1913 ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಂ ಸಂಗ್ರಹವೂ ಇರುವಾಗ, ಅಂಥ ಸಂಸ್ಥೆಗಳೂ ಸಂಗ್ರಾಹಕರೂ ಒಂದು ಮೇಜಿನಲ್ಲಿ ಕೂಡುವುದು ಅಸಾಧ್ಯವೇನಲ್ಲ. ತುಳುನಾಡಿನಲ್ಲಿ ಸಾಮಾನ್ಯವಾಗಿ ದೊರೆಯುವ ನಾಣ್ಯಗಳ ಚಿತ್ರಗಳನ್ನೂ ಲಕ್ಷಣಗಳನ್ನೂ ಒಳಗೊಂಡ ಒಂದು ಕೈಹಾಳೆಯನ್ನು ಅಚ್ಚುಮಾಡಿಸಿ ಹಂಚಿದರೆ ಎಷ್ಟೋ ವಾಗ್ವಾದಗಳು ಹುಟ್ಟುವ ಮೊದಲೇ ಶಮನವಾಗುವುವು.

ಸ್ವಯಂನಿಯುಕ್ತ ಪರೀಕ್ಷಕರನ್ನೂ ದೂರವಿಡಬೇಕಾದುದಿಲ್ಲ. ಅವರಲ್ಲಿ ಅನೇಕರಿಗೆ ನಾಣ್ಯಗಳ ಮೇಲೆ ನಿಜವಾದ ಪ್ರೀತಿಯಿದೆ. ಇಲ್ಲದಿರುವುದು ಹೊಣೆಗಾರಿಕೆಯ ಅಭ್ಯಾಸ ಮಾತ್ರ. ಅವರ ಕೈಗೂ ಲೇಖನಿಯನ್ನು ಕೊಟ್ಟು, ‘ಸ್ವಾಮೀ, ತಾವು ಹೇಳಿದುದನ್ನು ಕಾರಣದೊಡನೆ ಇಲ್ಲಿ ಬರೆದು ರುಜು ಹಾಕಿರಿ’ ಎಂದು ವಿನಯದಿಂದ ಕೇಳೋಣ. ಬರೆದವರು ಅಂದಿನಿಂದ ಪರೀಕ್ಷಕರಾಗುವರು. ಬರೆಯದವರ ಮಾತಿಗೆ ಎಷ್ಟು ತೂಕವೆಂಬುದನ್ನು ಸುತ್ತ ನಿಂತವರೇ ತಿಳಿದುಕೊಳ್ಳುವರು.